ಒಣಗಬಾರದ ಪೊರೆ

ನವೆಂಬರ್ ೧೬, ಭಾನುವಾರ

ಕೊನೆಗೂ ಉಪ್ಪುಂದಕ್ಕೆ ಹೋಗಲಿಲ್ಲ. ತಂಗಿ ಶರಣ್ಯಾಳ ಸೀಮಂತ ನಾನಿಲ್ಲದೆ ಮುಗಿಯಿತು.

ಬೈಹುಲ್ಲು ಹುದುಗಿಸಿ ಎಥೆನಾಲ್ ಮಾಡುವ ನಮ್ಮ ಘಟಕದಲ್ಲಿ ರಸ ಸೋಸುವ ಪೊರೆ ಒಮ್ಮೆ ನೆನೆದರೆ ಮತ್ತೆ ಒಣಗಬಾರದು, ಒಣಗಿದರೆ ಹಾಳು. ಅದರ ಕವಚ ಸೋರುತ್ತಿರುವುದರಿಂದ ರಜೆಯಲ್ಲೂ ಯಾರಾದರೂ ಪಂಪಿನಿಂದ ನೀರು ಹಾಯಿಸುತ್ತ ಕೂರಬೇಕು. ಯಾರಾದರೂ ಅಂದರೆ ನಾನೇ.

“ನೀ ಹ್ವಾರೆ ಅದನ್ನ್ ಯಾರ್ ಕಾಂಬುದ್ ಮಾರಾಯ್ತಿ?” ಎಂದು ಘಟಕದ ಯಜಮಾನರು ಉದಯಶಂಕರರು ನಿನ್ನೆ ಹೊಗಳುವ ಹಾಗೆ ಹೇಳಿದರು. ಆದರೂ ಹೇಗಾದರೂ ಹೋಗಬಹುದೆಂಬ ಆಸೆಯಿಂದ ಇವತ್ತು ಹೊಸ ಸೀರೆ ಉಟ್ಟೇ ಕೆಲಸಕ್ಕೆ ಹೋಗಿದ್ದೆ.

ಮಧ್ಯಾಹ್ನ ಶರಣ್ಯಾಳ ಫೋನು. “ಅಕ್ಕಾ, ಬತ್ತಿಲ್ಯಾ? ಹೂ ಮುಡ್ಸುಕೆ ಎಲ್ಲ ನಿನ್ನೇ ಕಾಯ್ತಿದ್ರ್.”

ಫೋನಿಡುವಷ್ಟರಲ್ಲಿ ಕರೆಂಟು ಹೋಗಿ ಪಂಪು ನಿಂತಿತು. ಸುಳ್ಳೇಕೆ, ಖುಷಿಯಾಯಿತು. ಒಣಗಲಿ ಅತ್ಲಾಗೆ, ಕರೆಂಟಿನ ಮೇಲೆ ಹಾಕಿದರಾಯಿತು ಅಂದುಕೊಂಡು ಚಪ್ಪಲಿ ಮೆಟ್ಟಿದೆ. ಗೇಟಿನವರೆಗೂ ಹೋದೆ. ಉಪ್ಪುಂದದ ಮೇಲೆ ಹೋಗುವ ಬೈಂದೂರಿನ ಬಸ್ಸು ಬರುತ್ತಿರುವುದೂ ಕಂಡಿತು.

ಆಮೇಲೆ ನೋಡಿದರೆ ಒಳಗೆ ನಿಂತು ಕ್ಯಾನೆತ್ತಿ ಪೊರೆಗೆ ನೀರು ಸುರಿಯುತ್ತಿದ್ದೆ, ಸೆರಗಿನಿಂದ ನೆರಿಗೆಯವರೆಗೆ ನೆನೆದುಕೊಂಡು. ಹೋಗಬೇಡ ಎನ್ನಲು ಉದಯಶಂಕರರು ಅಲ್ಲಿ ಇರಲೇ ಇಲ್ಲ.

ಸೀರೆ ಹಗ್ಗದ ಮೇಲಿದೆ. ಇನ್ನೂ ಒಣಗಿಲ್ಲ.