ಸುಟ್ಟುಹೋದ ಟ್ರಾನ್ಸ್‌ಫಾರ್ಮರ್

ಬೋರಗಾಂವ
14 ಸೆಪ್ಟೆಂಬರ್ 2025

ಚಿ. ಸೌ. ಬ್ರಾಹ್ಮಿಗೆ ಅಪ್ಪನ ಆಶೀರ್ವಾದ. ಅಳಿಯಂದಿರಿಗೆ ಜೈ ಜಿನೇಂದ್ರ.

ಕ್ಷಮಾವಾಣಿ ಕಳೆದು ವಾರವಾಯಿತು. ಬಸದಿಯಲ್ಲಿ ಊರವರಿಗೆಲ್ಲ ಕೈಮುಗಿದು ಕ್ಷಮೆ ಕೇಳಿ ಬಂದೆ. ಪ್ರತಿವರ್ಷ ಹಾಕುವ ಕಾರ್ಡನ್ನು ನಿನಗೆ ಮಾತ್ರ ಈ ಸಲ ಹಾಕಲಿಲ್ಲ. ಮರೆತೆನೆಂದು ತಿಳಿಯಬೇಡ. ಮೂರು ಸಲ ಪೆನ್ನು ಹಿಡಿದೆ, ಮೂರು ಸಲವೂ ಕೆಳಗಿಟ್ಟೆ. ಫೋನಿನಲ್ಲಿ ಹೇಳೋಣವೆಂದರೆ ನನ್ನ ದನಿ ಕೇಳಿದ ಕೂಡಲೇ "ಅವ್ವಗ ಕೊಡ್ರಿ" ಅನ್ನುತ್ತೀ. ಆರು ವರ್ಷದಿಂದ ನಮ್ಮಿಬ್ಬರ ನಡುವೆ ಅಷ್ಟೇ ಮಾತು.

ನಿಮ್ಮವ್ವನ ಮೊಣಕಾಲು ನೋವು ಹಾಗೇ ಇದೆ. ಬೇಡವೆಂದರೂ ಪರ್ವದ ಹತ್ತು ದಿನ ಒಪ್ಪತ್ತು ಉಂಡಳು, ಯಾರ ಮಾತು ಕೇಳುತ್ತಾಳೆ ಅವಳು! ಮಗ್ಗಗಳು ನಡೆದಿವೆ. ಇನ್ನೊಂದು ಸುದ್ದಿಯೆಂದರೆ ನಮ್ಮ ಹ್ಯಾಮ್ ರೇಡಿಯೋದ ಹಳೆಯ ಮಾಡ್ಯುಲೇಶನ್ ಟ್ರಾನ್ಸ್‌ಫಾರ್ಮರಿಗೆ ಮತ್ತೆ ಜೀವ ಬಂತು. ಕುಡಚಿಯಲ್ಲಿ ಮೋಟಾರಿಗೆ ತಂತಿ ಸುತ್ತುವ ಸಾಹೇಬರೊಬ್ಬರು ಎರಡು ತಿಂಗಳು ಸತಾಯಿಸಿ, ಪದರ ಪದರಕ್ಕೂ ಕಾಗದವಿಟ್ಟು ಹೊಸ ತಂತಿ ಸುತ್ತಿಕೊಟ್ಟರು. ಇಂಥ ಲೋಖಂಡ, ಇಷ್ಟು ಒಳ್ಳೆಯ ಕಬ್ಬಿಣ, ಈಗ ಸಿಗುವುದಿಲ್ಲವೆಂದು ಅವರೇ ತಲೆದೂಗಿದರು. ಮಿಲಿಟರಿ ಮಾಲು, ನನಗಿಂತ ಹಿರಿಯದು. ಪುಣೆಯ ಗುಜರಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದೆ. ಹೆತ್ತ ಮಗಳನ್ನೂ ಅಷ್ಟು ಹೊತ್ತು ಎತ್ತಿಕೊಂಡಿರಲಿಲ್ಲವೆಂದು ನಿಮ್ಮವ್ವ ಇಂದಿಗೂ ಚುಚ್ಚುತ್ತಾಳೆ.

ಕರೆಂಟಿನ ಮಗ್ಗ ನಡೆದರೆ ರೇಡಿಯೋದಲ್ಲಿ ಬರೀ ಗುಂಯ್ ಎನ್ನುವ ಸದ್ದಲ್ಲವೇ? ಮೊನ್ನೆ ಮಗ್ಗಗಳಿಗೆ ರಜೆಯಿದ್ದಾಗ ಟ್ರಾನ್ಸ್‌ಮೀಟರ್ ಹಚ್ಚಿದೆ. ನಿಪ್ಪಾಣಿಯ ಸುಹಾಸ ಸಿಕ್ಕ. ನನ್ನ ದನಿ ಎದುರಿಗೆ ಕೂತು ಮಾತಾಡಿದಂತೆ ಕೇಳುತ್ತಿದೆಯೆಂದು ಹೊಗಳಿ ಹೊಗಳಿ ಸಾಕುಮಾಡಿದ. ಆಮೇಲೆ ನೀನು ಯಾಕೆ ರೇಡಿಯೋಕ್ಕೆ ಬರುವುದಿಲ್ಲವೆಂದು ಕೇಳಿದ. ಸ್ಪಷ್ಟ ಕೇಳಿಸಿತ್ತು. ಆದರೂ ಕೇಳಿಸಲಿಲ್ಲವೆಂದು ಹೇಳಿ ಸ್ವಿಚ್ ಆರಿಸಿಬಿಟ್ಟೆ.

ಆರು ವರ್ಷದ ಹಿಂದೆ ಅದು ಸುಟ್ಟ ದಿನ ಅದೇ ಸುಹಾಸ, ಇನ್ನೊಬ್ಬ ರೇಡಿಯೋ ಗೆಳೆಯ ಜಕ್ಕಪ್ಪ ಇಬ್ಬರೂ ನಮ್ಮ ಮನೆಯಲ್ಲೇ ಇದ್ದರು. ನಿನಗೆ ಹದಿನೆಂಟು, ಲೈಸೆನ್ಸ್ ಆಗಷ್ಟೇ ಕೈಗೆ ಬಂದಿತ್ತು. ನೀನು ಮೈಕು ಹಿಡಿದು ನಿನ್ನ ಕರೆಗುರುತು ಹೇಳಿದೆ. ಚಟ್ ಎಂದಿತು, ಸುಟ್ಟ ವಾಸನೆ ಬಂತು. ಆ ಟ್ರಾನ್ಸ್‌ಫಾರ್ಮರ್ ಕೊಡುವ ಶಕ್ತಿಯನ್ನು ಗಾಜಿನ ದೊಡ್ಡ ವಾಲ್ವ್ ತೆಗೆದುಕೊಳ್ಳಬೇಕು. ವಾಲ್ವ್ ಸುಮ್ಮನಿದ್ದಾಗ ಮೈಕಿನಲ್ಲಿ ಮಾತಾಡಿದರೆ ಟ್ರಾನ್ಸ್‌ಫಾರ್ಮರ್ ತನ್ನನ್ನೇ ಸುಟ್ಟುಕೊಳ್ಳುತ್ತದೆ. ನಿನಗೆ ಅದನ್ನು ಕಲಿಸಿದವನೇ ನಾನು.

"ಮೊದಲ ವಾಲ್ವಿನ ಸ್ವಿಚ್ ಹಾಕು ಅಂತ ಎಷ್ಟ ಸಲ ಬಡಕೊಂಡೀನಿ? ನಿನ್ನ ಕೈಯಾಗ ಮಶಿನ್ ಕೊಟ್ಟಿದ್ದ ನನ್ನ ತಪ್ಪು" ಎಂದು ಅವರಿಬ್ಬರ ಎದುರೇ ಒದರಿದೆ.

"ಹಾಕೀನ್ರಿ ಅಪ್ಪಾ. ಹಾಕಿದ ಮ್ಯಾಲೇ ಮಾತಾಡೀನಿ" ಎಂದೆ ನೀನು.

"ಸುಳ್ಳ ಹೇಳಬ್ಯಾಡ" ಎಂದೆ ನಾನು.

ಅದೇ ವಾರ ನೀನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಅರ್ಜಿ ಹರಿದೆ. ಕಾಮರ್ಸ್ ಸೇರಿ ಹಾಸ್ಟೆಲಿಗೆ ಹೋದೆ, ಆಮೇಲೆ ಮದುವೆಯಾಗಿ ಅಥಣಿಗೆ ಹೋದೆ. ನಿನ್ನ ಲೈಸೆನ್ಸ್ ಇಲ್ಲೇ ನನ್ನ ಡ್ರಾವರಿನಲ್ಲಿದೆ. ಅವಧಿ ಇನ್ನೂ ಮುಗಿದಿಲ್ಲ. ದೀಪಾವಳಿಗೆ ಎರಡು ದಿನ ಬಂದು ಹೋಗು, ಮಗಳೇ. ಬಂದು ಆ ಮೈಕು ಹಿಡಿ. ನಿನ್ನ ದನಿ ಕೇಳದೆ ಆ ಕೋಣೆಯಲ್ಲಿ ನನಗೆ ಕೂರಲಾಗುತ್ತಿಲ್ಲ.

ಇಬ್ಬರೂ ಸುಖವಾಗಿರಿ. ಭಗವಂತ ನಿಮ್ಮನ್ನು ಕಾಯಲಿ.

ನಿನ್ನ ಅಪ್ಪ,
ಪಾರಿಸ

ತಾ. ಕ.: ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಅಂದು ಬೆಳಿಗ್ಗೆ ಧೂಳು ಒರೆಸಲೆಂದು ದೊಡ್ಡ ವಾಲ್ವಿನ ತಲೆಗೆ ಕರೆಂಟು ಕೊಡುವ ಕ್ಲಿಪ್ ತೆಗೆದವನು ನಾನು. ಮರಳಿ ಹಾಕಲು ಮರೆತೆ. ನೀನು ಸ್ವಿಚ್ ಹಾಕಿದ್ದೆ. ಕ್ಲಿಪ್ ಇಲ್ಲದ ವಾಲ್ವ್ ಏನು ಮಾಡೀತು? ಎಲ್ಲರೂ ಊಟಕ್ಕೆ ಎದ್ದ ಮೇಲೆ ಹಿಂದಿನ ಮುಚ್ಚಳ ತೆಗೆದು ನೋಡಿದೆ, ಕ್ಲಿಪ್ ನೇತಾಡುತ್ತಿತ್ತು. ಸುಹಾಸನ ಮುಂದೆ ನಾಚಿಕೆಯಾಯಿತು. ಸದ್ದಿಲ್ಲದೆ ಅದನ್ನು ಸಿಕ್ಕಿಸಿ, ಮುಚ್ಚಳ ಹಾಕಿ, ಬಂದು ತಾಟಿನ ಮುಂದೆ ಕೂತೆ. ನೀನು ಉಣ್ಣಲಿಲ್ಲ, ನಾನು ಉಂಡೆ. ಆಮೇಲೆ ವರ್ಷ ವರ್ಷವೂ ನಿನಗೆ ಕಾರ್ಡು ಹಾಕಿದೆ: ತಿಳಿದೋ ತಿಳಿಯದೆಯೋ ಮಾಡಿದ ತಪ್ಪುಗಳನ್ನು ಕ್ಷಮಿಸು ಎಂದು. ನೀನೂ ತಪ್ಪದೆ ಕ್ಷಮಿಸಿದೆನೆಂದು ಉತ್ತರ ಬರೆದೆ. ಏನನ್ನು ಕ್ಷಮಿಸುತ್ತಿದ್ದೀಯೆಂದು ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.