ಗೀಟು ಕಳಕೊಂಡ ಎಂಟು

ಜೂನ್ 2. ಬೆಳಿಗ್ಗೆ 6.10

ಸ್ವಿಚ್ ಹಾಕಿ ಹತ್ತು ನಿಮಿಷ ಆಯ್ತು. ಅಂಕಿಗಳು ಇನ್ನೂ ಎದ್ದಿಲ್ಲ. ಪರದೆಯ ಎಡಗಡೆ ಮಸುಕು, ಬಲಗಡೆ ಕಂದು. ಮೇಲಿನ ಮೂಲೆಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಮೊದಲ ಅಂಕಿ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಮೂವತ್ತೊಂದು ವರ್ಷದ ರೇಡಿಯೋ ಸೆಟ್. ಮೈಕು, ನಾಬು, ಸ್ಪೀಕರು ಎಲ್ಲ ಮೊದಲ ದಿನ ಇದ್ದ ಹಾಗೇ ಇವೆ. ಮುಖ ಮಾತ್ರ ಮಾಸಿದೆ.

ಆರೂವರೆಗೆ ನೆಟ್. ಇಪ್ಪತ್ತು ಜನ ಹ್ಯಾಮ್ ರೇಡಿಯೋ ಹವ್ಯಾಸಿಗಳು ಅವರವರ ಮನೆಯಿಂದ ಒಂದೇ ಫ್ರೀಕ್ವೆನ್ಸಿಗೆ ಬಂದು ಸೇರುತ್ತೇವೆ. ಹಾಜರಿ ಕರೆಯುವವಳು ನಾನು. ಹದಿನೆಂಟು ವರ್ಷದಿಂದ. ಜ್ವರ ಬಂದಾಗಲೂ ತಪ್ಪಿಸಿಲ್ಲ. ಹೇಳಿಕೊಳ್ಳಬಾರದು, ಆದರೆ ಇಲ್ಲಿ ಯಾರು ಓದುತ್ತಾರೆ — ನನ್ನ ಹಾಗೆ ಹಾಜರಿ ಕರೆಯುವವರು ಇನ್ನೊಬ್ಬರಿಲ್ಲ.

ಇವರು ಬಸ್ ಡ್ಯೂಟಿಗೆ ಹೊರಟವರು, ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಇಣುಕಿದರು. "ದೊಡ್ಡ ಯಜಮಾನ್ರು ಎದ್ರಾ?" ಕಟ್ಟಿಕೊಂಡವರಿಗೆ ಈ ಸೆಟ್ಟಿನ ಮೇಲೆ ಮೊದಲಿನಿಂದಲೂ ಹೊಟ್ಟೆಕಿಚ್ಚು. "ಎದ್ದಿದಾರೆ, ಮುಖ ತೊಳೀತಿದಾರೆ" ಅಂದೆ.

ಜುಲೈ 20ಕ್ಕೆ ಬೆಟ್ಟದ ಓಟ. ನಲವತ್ತೆರಡು ಕಿಲೋಮೀಟರ್. ಮೊಬೈಲ್ ಸಿಗ್ನಲ್ ಇಲ್ಲದ ದಾರಿ. ಆರು ಚೆಕ್‌ಪೋಸ್ಟಿನಲ್ಲಿ ನಮ್ಮವರು ರೇಡಿಯೋ ಹಿಡಿದು ಕೂರುತ್ತಾರೆ. ಬೇಸ್ ಸ್ಟೇಷನ್ ನಾನು, ಪ್ರತಿ ವರ್ಷ. ಎಲ್ಲ ಸುದ್ದಿ ನನಗೆ ಬರಬೇಕು, ನನ್ನಿಂದಲೇ ಹೋಗಬೇಕು.

ಜೂನ್ 6. ಬೆಳಿಗ್ಗೆ 8

ಓಟಕ್ಕೆ ಮೊದಲ ರಿಹರ್ಸಲ್. ಎಲ್ಲರೂ 7060 ಕಿಲೋಹರ್ಟ್ಸ್ ಫ್ರೀಕ್ವೆನ್ಸಿಗೆ ಬರಬೇಕು ಅಂತ ಮಾತಾಗಿತ್ತು. ನಾಬ್ ತಿರುಗಿಸಿ 7060 ಕಂಡಲ್ಲಿ ನಿಲ್ಲಿಸಿದೆ. ಕರೆದೆ. ಕರೆದೆ. ನಲವತ್ತು ನಿಮಿಷ. ನರಪಿಳ್ಳೆ ಮಾತಾಡಲಿಲ್ಲ.

ಆಕಾಶ ಸರಿ ಇಲ್ಲ. ಇಂಥ ದಿನ ಇರುತ್ತವೆ. ಅಂಗಡಿಗೆ ಹೊತ್ತಾಯ್ತು.

ಅದೇ ದಿನ. ಸಂಜೆ

ಆಕಾಶ ಸರಿಯಾಗೇ ಇತ್ತು.

ಮಧ್ಯಾಹ್ನ ಕರ್ನಲ್ ಫೋನ್ ಮಾಡಿದರು. ನಮ್ಮ ಕ್ಲಬ್ಬಿನ ಅಧ್ಯಕ್ಷರು. ಸೈನ್ಯದ ಗಾಳಿಯೂ ಸೋಕಿದವರಲ್ಲ, ಮೀಸೆಯಿಂದ ಬಂದ ಹೆಸರು. "ಎಲ್ ಹೋಗಿದ್ರಿ ಮೇಡಂ? ಹತ್ತೊಂಬತ್ತು ಜನ 7060ರಲ್ಲಿ ಕಾಯ್ತಾ ಕೂತಿದ್ವಿ." ಬಾಯಿಗೆ ಬಂದದ್ದು ಹೇಳಿಬಿಟ್ಟೆ — ಆಂಟೆನಾ ತಂತಿ ಬಿದ್ದುಹೋಗಿತ್ತು ಅಂತ. ತಂತಿ ತಾರಸಿಯ ಮೇಲೆ ಗಟ್ಟಿಯಾಗಿ ನಿಂತಿದೆ.

ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಸೆಟ್ಟಿನ ಮುಂದೆ ಕೂತೆ. ನಾಬ್ ನಿಧಾನಕ್ಕೆ ತಿರುಗಿಸಿದೆ. 50... 60... ಮುರುಕಲು ಏಳು... ಮತ್ತೆ 60! ಏಳು ಗೀಟು ಸೇರಿ ಒಂದು ಅಂಕಿ; ಮೂರನೇ ಅಂಕಿಯ ಜಾಗದಲ್ಲಿ ಬಲಗಡೆ ಮೇಲಿನ ಗೀಟು ಮೂಡುತ್ತಲೇ ಇಲ್ಲ. ಒಂದು ಗೀಟು ಹೋದರೆ ಎಂಟು ಆರಾಗುತ್ತದೆ. ಬೆಳಿಗ್ಗೆ ನಾನು ಮೇಲಿನಿಂದ ಕೆಳಗೆ ಇಳಿಸಿಕೊಂಡು ಬಂದಿದ್ದೆ. ಮೊದಲು ಸಿಕ್ಕ ಆರು, ಆರಲ್ಲ. 7080ರಲ್ಲಿ ಕೂತು ನಲವತ್ತು ನಿಮಿಷ ಗೋಡೆಗೆ ಮಾತಾಡಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಆಕಾಶವನ್ನೇ ಡೊಂಕು ಅಂದೆ.

ಕೆಲಸ ಕನ್ನಡಕದ ಅಂಗಡಿಯಲ್ಲಿ. ಇಪ್ಪತ್ತಾರು ವರ್ಷ ಊರಿನವರ ಕಣ್ಣಿಗೆ ಗಾಜು ಉಜ್ಜಿ ಕೂರಿಸಿದ್ದೇನೆ. ದೀಪದ ಬುಡ ಕತ್ತಲೆ.

ಜೂನ್ 11

ಕ್ಲಬ್ಬಿನ ಸಭೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ಡಾಕ್ಟರು ಕ್ಲಬ್ಬಿಗೆ ಹೊಸಬರು. ಸೆಟ್ಟೂ ಹೊಸದು. ಏಳು ಇಂಚಿನ ಬಣ್ಣದ ಪರದೆ, ಅದರಲ್ಲಿ ಅಲೆಗಳು ಜಲಪಾತದ ಹಾಗೆ ಇಳಿಯುತ್ತವೆ. ಎಲ್ಲರೂ ಬಗ್ಗಿ ಬಗ್ಗಿ ನೋಡಿದರು. ನಾನೂ ನೋಡಿದೆ. ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ.

ನನ್ನ ಪರದೆ ಮಸುಕು ಅಂತ ಎಲ್ಲರಿಗೂ ಗೊತ್ತು. ಗೀಟಿನ ವಿಷಯ ಯಾರಿಗೂ ಗೊತ್ತಿಲ್ಲ. ಕರ್ನಲ್ ಮೀಸೆ ಒರೆಸಿಕೊಂಡು ಹೇಳಿದರು: "ಬೇಜಾರ್ ಮಾಡ್ಕೋಬೇಡಿ ಮೇಡಂ. ಜುಲೈ ಐದಕ್ಕೆ ನಿಮ್ಮನೇಗೆ ಬಂದು ಸೆಟ್ ನೋಡ್ತೀನಿ. ಅಂಕಿ ನೆಟ್ಟಗೆ ಕಂಡ್ರೆ ಬೇಸ್ ನಿಮ್ದೇ. ಇಲ್ದಿದ್ರೆ ಡಾಕ್ಟ್ರು ಕೂರ್ಲಿ, ನೀವು ಪಕ್ಕದಲ್ಲಿ ಕೂತು ಬರ್ಕೊಳ್ಳಿ."

ಪಕ್ಕದಲ್ಲಿ ಕೂತು ಬರ್ಕೊಳ್ಳಿ! ಹದಿನೆಂಟು ವರ್ಷ ಆದ ಮೇಲೆ.

ಡಾಕ್ಟರು ಪಾಪ, "ನನ್ನ ಸೆಟ್ಟನ್ನೇ ನೀವು ಇಟ್ಕೊಂಡು ಕೂತ್ಕೊಳಿ ಮೇಡಂ" ಅಂದರು. ನಗುತ್ತಾ ಬೇಡ ಅಂದೆ. ದಾರಿಯುದ್ದಕ್ಕೂ ಮೈಯೆಲ್ಲ ಉರಿಯುತ್ತಿತ್ತು.

ಜೂನ್ 15. ಭಾನುವಾರ

ಬಿಚ್ಚಿದೆ. ಹದಿನಾಲ್ಕು ಸ್ಕ್ರೂ. ಒಂದೊಂದನ್ನೂ ಲೆನ್ಸಿನ ಡಬ್ಬಿಯಲ್ಲಿ ಸಾಲಾಗಿ ಇಟ್ಟೆ. ಪರದೆಗೂ ಬೋರ್ಡಿಗೂ ನಡುವೆ ಒಂದು ರಬ್ಬರ್ ಪಟ್ಟಿ. ಅದರೊಳಗಿಂದಲೇ ಒಂದೊಂದು ಗೀಟಿಗೂ ಕರೆಂಟು ಹಾಯಬೇಕು. ಪಟ್ಟಿಯ ಮೈಮೇಲೆ ಮೂವತ್ತೊಂದು ವರ್ಷದ ಜಿಡ್ಡು. ಲೆನ್ಸ್ ಒರೆಸುವ ಸ್ಪಿರಿಟ್ ಹಾಕಿ ಒರೆಸಿದೆ, ತಿರುಗಿಸಿ ಕೂರಿಸಿದೆ.

ಎಂಟು ಬಂತು! ಪೂರ್ತಿ ಎಂಟು! ಏಳು ಗೀಟೂ ಇವೆ. ಇವರನ್ನು ಅಡುಗೆಮನೆಯಿಂದ ಕೂಗಿ ಕರೆದೆ. "ಎಂಟು ನೋಡಕ್ಕೆ ಕರೆದ್ಯಾ? ಅದು ನನ್ನ ಬಸ್ಸಿನ ಮೇಲೂ ಇದೆ" ಅಂದು ಹೋದರು. ಬೆನ್ನು ತಟ್ಟುವವರಿಲ್ಲ. ನಾನೇ ತಟ್ಟಿಕೊಂಡೆ.

ಮಸುಕು ಮಾತ್ರ ಹೋಗಿಲ್ಲ. ಗಾಜಿನ ಮೇಲೆ ಅಂಟಿಸಿದ ಫಿಲ್ಮು ಹಳತಾಗಿ ಕಂದು ತಿರುಗಿದೆ. ಬಿಸಿಲಿನ ಕನ್ನಡಕಕ್ಕೆ ನಾವು ಹಾಕುತ್ತೇವಲ್ಲ, ಅದೇ ಜಾತಿಯ ಪೊಲರೈಸ್ಡ್ ಫಿಲ್ಮು, ಒಂದು ದಿಕ್ಕಿನ ಬೆಳಕನ್ನಷ್ಟೇ ಬಿಡುವಂಥದ್ದು. ಅಂಗಡಿಯಲ್ಲಿ ಹಾಳೆ ಇದೆ. ಯಜಮಾನರನ್ನು ಕೇಳಬೇಕು — ಅಂಗಡಿ ಯಜಮಾನರನ್ನು.

ಜೂನ್ 27

ಹನ್ನೆರಡು ದಿನ ಬರೆದಿಲ್ಲ. ಬರೆಯುವ ಹಾಗೆ ಏನೂ ಇರಲಿಲ್ಲ, ಬೆಳಿಗ್ಗೆ ನಾಬ್ ಅಲುಗಿಸದೆ ನೆಟ್, ರಾತ್ರಿ ಬರೀ ಉಜ್ಜಿದ್ದು. ಹಳೇ ಫಿಲ್ಮು ಬಿಡಿಸುವುದರಲ್ಲಿ ಉಗುರು ಸವೆಯಿತು.

ಇವತ್ತು ಹೊಸ ಫಿಲ್ಮು ಕತ್ತರಿಸಿ ಇಟ್ಟೆ. ಕೂದಲಷ್ಟೂ ಹೆಚ್ಚುಕಡಿಮೆ ಇಲ್ಲದ ಹಾಗೆ. ಸ್ವಿಚ್ ಹಾಕಿದೆ. ಏನೂ ಇಲ್ಲ. ಮಸುಕು ಕೂಡ ಇಲ್ಲ! ಖಾಲಿ ಬೂದಿ ಬಣ್ಣ. ಸ್ವಿಚ್ ಆರಿಸಿ ಮತ್ತೆ ಹಾಕಿದೆ, ಅದೇ ಬೂದಿ. ಇದ್ದದ್ದನ್ನೂ ಕೆಡಿಸಿಬಿಟ್ಟೆನಾ?

ಜೂನ್ 28. ಬೆಳಿಗ್ಗೆ

ಹಲ್ಲುಜ್ಜುವಾಗ ಹೊಳೆಯಿತು. ಕನ್ನಡಕಕ್ಕೆ ಫಿಲ್ಮನ್ನು ನೇರಕ್ಕೆ ಕತ್ತರಿಸುತ್ತೇವೆ, ರಸ್ತೆಯ ಪ್ರಖರ ಬೆಳಕು ತಡೆಯಲು. ಇಪ್ಪತ್ತಾರು ವರ್ಷದ ಅಭ್ಯಾಸ, ಕೈ ತಾನಾಗೇ ನೇರಕ್ಕೆ ಹೋಗಿದೆ. ಪರದೆಗೆ ಓರೆಯಾಗಿ ಬೇಕು, ಮೂಲೆಯಿಂದ ಮೂಲೆಗೆ. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಹೋಗಿ ತುಂಡನ್ನು ಓರೆ ಹಿಡಿದು ನೋಡಿದೆ. ಕಪ್ಪಗೆ, ಕಡೆದ ಹಾಗೆ ಅಂಕಿಗಳು ಎದ್ದು ನಿಂತವು.

ಓರೆ ಕತ್ತರಿಸಿ ಕೂರಿಸಿದೆ. ಬಾಗಿಲಿನಿಂದಲೇ ಓದಬಹುದು. ಹೊಸದರಲ್ಲೂ ಇಷ್ಟು ಚೆನ್ನಾಗಿರಲಿಲ್ಲ. ನನಗೆ ನನ್ನ ಮೇಲೆ ಎಷ್ಟು ಹೆಮ್ಮೆ ಅಂದರೆ, ಅಂಗಡಿಯಲ್ಲಿ ಮೊದಲು ಬಂದ ಗಿರಾಕಿಗೇ ಕಥೆ ಹೇಳಿದೆ. ಅವರಿಗೆ ಬೇಕಾಗಿದ್ದು ಕನ್ನಡಕದಲ್ಲಿ ಮೂಗಿನ ಮೇಲೆ ಕೂರುವ ಬಟನ್ನು.

ಜುಲೈ 5

ಕರ್ನಲ್ ಬಂದರು. ಬಿಸಿಲಿನ ಕನ್ನಡಕ ಹಾಕಿಕೊಂಡೇ ಒಳಗೆ ಬಂದು, ಮಿಲಿಟರಿ ಗತ್ತಿನಲ್ಲಿ ತಲೆ ಓರೆ ಮಾಡಿ ಪರದೆ ನೋಡಿದರು.

"ಅಯ್ಯೋ ಮೇಡಂ. ಪೂರ್ತಿ ಹೋಗಿದ್ಯಲ್ಲ!"

"ತಲೆ ನೆಟ್ಟಗೆ ಮಾಡಿ."

"ಈಗ ಬಂತು. ಅರೆ, ಮತ್ತೆ ಹೋಯ್ತು."

"ಕನ್ನಡಕ ತೆಗೀರಿ ಸರ್. ನಾನೇ ಮಾಡ್ಕೊಟ್ಟಿದ್ದು ಅದು. ಪೊಲರೈಸ್ಡು. ಓರೆ ನೋಡಿದ್ರೆ ಪರದೆ ಕಪ್ಪಾಗತ್ತೆ."

ತೆಗೆದರು. ನೋಡಿದರು. ಬಾಗಿಲ ತನಕ ಹಿಂದೆ ಸರಿದು ನೋಡಿದರು. ಅಲ್ಲಿಂದಲೇ ಜೋರಾಗಿ 7060.00 ಅಂತ ಓದಿದರು, ಶಾಲೆಯಲ್ಲಿ ಪಾಠ ಓದಿದ ಹಾಗೆ. ಬೇಸ್ ನನ್ನದೇ.

ಹೋಗುವಾಗ ಕೇಳಿದರು: "ಆಂಟೆನಾ ತಂತಿ ಗಟ್ಟಿ ಮಾಡ್ಸಿದ್ರಾ?" ಹೂಂ ಅಂದೆ. ಮುಖ ಬಿಸಿಯಾಯಿತು.

ಜುಲೈ 13. ಸಂಜೆ

ಓಟದ ದಿನ ಕೂರುವುದು ಮೈದಾನದ ತಗಡಿನ ಶೆಡ್ಡಿನಲ್ಲಿ. ಅದಕ್ಕೇ ಇವತ್ತು ಮಧ್ಯಾಹ್ನ ಸೆಟ್ಟನ್ನು ತಾರಸಿಗೆ ಒಯ್ದು ಬಿಸಿಲಲ್ಲಿಟ್ಟು ನೋಡಿದೆ. ಒಂದು ಗಂಟೆ ಹೊತ್ತಾಗುತ್ತಲೇ ಪರದೆ ಪೂರ್ತಿ ಕಪ್ಪು. ಸ್ಲೇಟಿನ ಹಾಗೆ. ನೆರಳಿಗೆ ತಂದು ತಣ್ಣಗಾದ ಮೇಲೆ ಅಂಕಿಗಳು ಏನೂ ಆಗದವರ ಹಾಗೆ ವಾಪಸ್ ಬಂದವು. ಹಳೇ ಗಾಜು, ಕಾವು ತಡೆಯುವುದಿಲ್ಲ.

ಹೇಳಬೇಕಾ? ಹೇಳಿದರೆ "ಪಕ್ಕದಲ್ಲಿ ಕೂತು ಬರ್ಕೊಳ್ಳಿ". ಕೊಡೆ ಒಯ್ಯುತ್ತೇನೆ.

ಇವರ ಹತ್ತಿರ ಮಾತ್ರ ಬಾಯಿ ಬಿಟ್ಟೆ. ಊಟದ ತಟ್ಟೆಯಿಂದ ತಲೆ ಎತ್ತದೆ ಹೇಳಿದರು: "ನನ್ನ ಬಸ್ಸಿನ ಡೀಸೆಲ್ ಮುಳ್ಳು ಸತ್ತು ಮೂರು ತಿಂಗಳಾಯ್ತು. ಬಸ್ ನಿಲ್ಸಿದೀನಾ? ಇಲ್ಲ. ಆದ್ರೆ ಕಂಡಕ್ಟರ್‌ಗೆ ಹೇಳಿದೀನಿ."

"ಬಸ್ಸಿಗೂ ಇದಕ್ಕೂ ಏನ್ರೀ ಸಂಬಂಧ?"

"ಏನಿಲ್ಲಪ್ಪ. ಉಪ್ಪು ಕೊಡು."

ಆಮೇಲೆ ನಾನೇ ಸೆಟ್ ಮುಂದೆ ಕಣ್ಣು ಮುಚ್ಚಿ ಕೂತೆ. ನಾಬ್ ಒಂದು ಸುತ್ತಿಗೆ ಐದು ಕಿಲೋಹರ್ಟ್ಸ್. 7060ರಿಂದ ನಾಲ್ಕು ಸುತ್ತು ತಿರುಗಿಸಿ ಕಣ್ಣು ಬಿಟ್ಟರೆ 7080, ಓಟದ ದಿನ ಗದ್ದಲವಾದರೆ ಹೋಗಬೇಕಾದ ಜಾಗ. ಹತ್ತು ಸಲ ಮಾಡಿದೆ. ಎರಡು ಸಲ ತಪ್ಪಿತು.

ಜುಲೈ 20. ಸಂಜೆ 7

 ಮರೆಯುವ ಮೊದಲು ಬರೆದಿಡಬೇಕು.

ಬೆಳಿಗ್ಗೆಯೆಲ್ಲ ಸೊಗಸಾಗಿ ಹೋಯಿತು. ನೂರಾ ಹನ್ನೆರಡು ಜನ ಓಡಿದರು, ದಾಟಿದವರ ನಂಬರುಗಳು ಆರು ಚೆಕ್‌ಪೋಸ್ಟಿನಿಂದ ಬರುತ್ತಾ ಹೋದವು, ಒಂದೂ ತಪ್ಪಲಿಲ್ಲ. ಹನ್ನೆರಡೂವರೆಗೆ ಬಿಸಿಲು ಶೆಡ್ಡಿನೊಳಗೆ ಬಂತು. ಕೊಡೆ ಹಿಡಿದೆ. ತಗಡೇ ಕಾದ ಮೇಲೆ ಕೊಡೆ ಏನು ಮಾಡೀತು. ಒಂದು ಗಂಟೆಗೆ ಪರದೆ ಕಪ್ಪು. ಸುಮ್ಮನಿದ್ದೆ. ಫ್ರೀಕ್ವೆನ್ಸಿ ಬದಲಿಸುವುದು ಇಲ್ಲದಿದ್ದರೆ ಪರದೆ ಯಾಕೆ ಬೇಕು?

ಒಂದು ಇಪ್ಪತ್ತಕ್ಕೆ ನಾಲ್ಕನೇ ಚೆಕ್‌ಪೋಸ್ಟಿನಿಂದ ಹಲ್ಲಿನ ಡಾಕ್ಟರ ದನಿ. ಒಬ್ಬಳು ಓಟಗಾರ್ತಿ ಜಾರಿ ಬಿದ್ದಿದ್ದಾಳೆ, ಕಾಲು ಮುರಿದ ಹಾಗಿದೆ, ಸ್ಟ್ರೆಚರ್... ಅಷ್ಟರಲ್ಲಿ ಎಲ್ಲಿಯದೋ ದೂರದ ಸ್ಟೇಷನ್ ನಮ್ಮ ಮೇಲೇ ಬಂದು ಕೂತಿತು. ಗೊರಗೊರ. ಯಾವ ದಾರಿ, ಎಲ್ಲಿ ಬಿದ್ದಳು, ಒಂದೂ ಕೇಳಲಿಲ್ಲ. ಇಂಥ ಹೊತ್ತಿಗೆ ಎಲ್ಲರೂ 7080ಕ್ಕೆ ಹೋಗಬೇಕು ಅಂತ ಮೊದಲೇ ತೀರ್ಮಾನ.

ನಾಲ್ಕು ಸುತ್ತು. ಯಾರಿಗೂ ಗೊತ್ತಾಗುವುದಿಲ್ಲ. ನಾಬ್ ಮೇಲೆ ಬೆರಳಿಟ್ಟೆ. ಹತ್ತರಲ್ಲಿ ಎರಡು ಸಲ ತಪ್ಪಿದ ಬೆರಳು. ಜೂನ್ ಆರರ ಹಾಗೆ ಗೋಡೆಗೆ ಮಾತಾಡುತ್ತಾ ಕೂತರೆ ಆ ಹುಡುಗಿ ಬಿಸಿಲಲ್ಲಿ ಬಿದ್ದಿರುತ್ತಾಳೆ. ಪಕ್ಕದಲ್ಲಿ ಕರ್ನಲ್ ನಿಂತಿದ್ದರು. ಮೈಕ್ ಒತ್ತಿದೆ. ಗದ್ದಲದ ಮೇಲೆ, ನನ್ನ ಹಾಜರಿ ಕರೆಯುವ ದನಿಯಲ್ಲಿ, ಒಂದೊಂದೇ ಮಾತು:

"ಬೇಸ್‌ನಲ್ಲಿ ಅಂಕಿ ಕಾಣ್ತಿಲ್ಲ. ಪರದೆ ಹೋಗಿದೆ. ಎಲ್ರೂ 7080ಕ್ಕೆ ಹೋಗಿ. ಡಾಕ್ಟ್ರೇ, ನೀವು ಅಲ್ಲಿ ಒಂದರಿಂದ ಹತ್ತು ಎಣಿಸ್ತಾನೇ ಇರಿ. ನಿಲ್ಲಿಸ್ಬೇಡಿ. ನಿಮ್ ದನಿ ಹಿಡ್ಕೊಂಡು ನಾನು ಬರ್ತೀನಿ."

ಮೂರು ಸಲ ಹೇಳಿದೆ. ಕರ್ನಲ್ ಮುಖದ ಕಡೆ ನಾನು ನೋಡಲಿಲ್ಲ. ಒಂದು ಸುತ್ತು, ಎರಡು, ಮೂರು, ನಾಲ್ಕು. ಏನೂ ಇಲ್ಲ.  ಇನ್ನೊಂದು ಚೂರು... ದೂರದಲ್ಲಿ ಬಾತುಕೋಳಿ ಕೂಗಿದ ಹಾಗೆ. ಇನ್ನೊಂದು ಕೂದಲೆಳೆ. "...ಆರು. ಏಳು. ಎಂಟು." ಡಾಕ್ಟರು! ಪಕ್ಕದಲ್ಲಿ ಕೂತಷ್ಟು ಸ್ಪಷ್ಟ.

"ಬೇಸ್ ಬಂದಿದೆ, ಹೇಳಿ" ಅಂದೆ. ಇಪ್ಪತ್ತೆಂಟು ಸೆಕೆಂಡು ಹಿಡಿಯಿತಂತೆ, ಕರ್ನಲ್ ವಾಚು ನೋಡಿದ್ದರು. ಎರಡೂಕಾಲು ಗಂಟೆಗೆ ಸ್ಟ್ರೆಚರ್ ಮುಟ್ಟಿತು. ಹುಡುಗಿ ಆಸ್ಪತ್ರೆಯಲ್ಲಿದ್ದಾಳೆ, ಪಾದದ ಮೂಳೆ, ಆರು ವಾರದಲ್ಲಿ ಸರಿಹೋಗುತ್ತದಂತೆ.

ಎಲ್ಲ ಮುಗಿದು ಶೆಡ್ಡಿನಲ್ಲಿ ಸೇರಿದಾಗ ಎದ್ದು ನಿಂತೆ. ಅರ್ಧ ಹೇಳಿದ ಮೇಲೆ ಇನ್ನರ್ಧ ಹೊಟ್ಟೆಯಲ್ಲಿ ಯಾಕೆ. ಪರದೆ ಬಿಸಿಲಿಗೆ ಹೋಗುತ್ತದೆ ಅಂತ ವಾರದ ಹಿಂದೆಯೇ ಗೊತ್ತಿತ್ತು, ಮುಚ್ಚಿಟ್ಟೆ. ಜೂನ್ ಆರಕ್ಕೆ ತಂತಿ ಬಿದ್ದಿರಲಿಲ್ಲ, ತಪ್ಪು ಜಾಗದಲ್ಲಿ ಕೂತಿದ್ದೆ, ಸುಳ್ಳು ಹೇಳಿದೆ. ಹತ್ತೊಂಬತ್ತು ಜನರ ಮುಂದೆ.

 ಕರ್ನಲ್‌ಗೆ ಸಿಟ್ಟು ಬಂದಿತ್ತು. "ತಂತಿ ಕಟ್ಟಕ್ಕೆ ಅಂತ ನಾನು ಏಣಿ ಹುಡುಕ್ತಿದ್ದೆ ಮೇಡಂ, ಎರಡು ದಿನ." ಹೊರಡುವಾಗ: "ಮುಂದಿನದ್ದು ಯೋಚಿಸಿ ಹೇಳ್ತೀನಿ."

ಹೇಳಲಿ. ಡಾಕ್ಟರ್ ಮಾತ್ರ ಸೆಟ್ ಎತ್ತಿಕೊಂಡು, ನನ್ನನ್ನು ಕರೆದೊಯ್ಯಲು ಬಂದಿದ್ದ ಇವರ ಜೊತೆ ಗಾಡಿಯ ತನಕ ಬಂದರು. "ನನ್ನ ಪರದೆ ಹೀಗೆ ಕೈ ಕೊಟ್ಟಿದ್ರೆ ನಾನು ಕಣ್ ಕಣ್ ಬಿಡ್ತಿದ್ದೆ. ಅದ್ಹೇಗೆ ಬಂದ್ರಿ, ಕಲಿಸ್ತೀರಾ?"

ಹೆಮ್ಮೆ ಆಗುತ್ತಿದೆ. ಸೆಟ್ಟಿನ ಮೇಲೂ, ನನ್ನ ಮೇಲೂ. ತಪ್ಪು ಒಪ್ಪಿಕೊಂಡ ದಿನ ಹೆಮ್ಮೆ ಪಡಬಾರದೇನೋ. ಆದರೆ ಆಗುತ್ತಿದೆ.

ಜುಲೈ 23

ಮೂರು ದಿನ ನೆಟ್‌ಗೆ ಹೋಗಲಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಧೈರ್ಯ ಸಾಲಲಿಲ್ಲ, ಅಷ್ಟೇ. ಇವರು ಬಾಗಿಲಲ್ಲಿ ನಿಂತು ಸೆಟ್ಟಿನ ಕಡೆ ಒಮ್ಮೆ ನೋಡಿ ಡ್ಯೂಟಿಗೆ ಹೋದರು.

ಜುಲೈ 24. ಬೆಳಿಗ್ಗೆ 6.40

ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ, ಮೈಕ್ ಎಡಗೈಲಿದೆ.

ಆರೂವರೆಗೆ ಸ್ವಿಚ್ ಹಾಕಿದೆ. ಹಾಜರಿ ಕರೆಯಲು ಬಾಯಿ ತೆರೆಯುವ ಮೊದಲೇ ಕರ್ನಲ್: "ಬೇಸ್, ಬೇಸ್, ಇದೀರಾ? ಇದ್ರೆ ಕೇಳಿ. ಹಲ್ಲಿನ ಡಾಕ್ಟ್ರ ಸಲಹೆ, ನನ್ನ ಆಜ್ಞೆ. ಇನ್ಮೇಲೆ ವಾರಕ್ಕೊಂದು ದಿನ ಎಲ್ರೂ ಪರದೆಗೆ ಬಟ್ಟೆ ಮುಚ್ಚಿ, ನಾಬ್ ಎಲ್ಲೆಲ್ಲೋ ತಿರುಗಿಸಿಬಿಟ್ಟು, ಕಿವೀಲೇ ದಾರಿ ಹುಡುಕ್ಕೊಂಡು ಬರ್ಬೇಕು. ನೀವು ಎಣಿಸ್ಬೇಕು. ಇವತ್ತೇ ಶುರು. ನನ್ನ ಟವೆಲ್ ರೆಡಿ ಇದೆ."

ಬೇಸ್ ಅಂದರು. ಎರಡು ಸಲ ಅಂದರು.

ಎಣಿಸುತ್ತಿದ್ದೇನೆ. ಪ್ರತಿ ಹತ್ತಕ್ಕೆ ನಿಲ್ಲಿಸಿ ಯಾರು ಬಂದರು ಅಂತ ಕೇಳುವುದು. ಮೊದಲ ಹತ್ತಕ್ಕೆ ಯಾರೂ ಇಲ್ಲ. ಎರಡನೇ ಹತ್ತಕ್ಕೆ ನಾಲ್ಕು ಜನ. ಮೂರನೆಯದಕ್ಕೆ ಕರ್ನಲ್, ಏದುಸಿರು ಬಿಡುತ್ತಾ, ಬೆಟ್ಟ ಹತ್ತಿ ಬಂದವರ ಹಾಗೆ. ಈಗ ಹದಿನೆಂಟು. ಡಾಕ್ಟರು ಒಬ್ಬರೇ ಬಾಕಿ. ಎಲ್ಲಿ ಅಲೆಯುತ್ತಿದ್ದಾರೋ ಪಾಪ. ಎಲ್ಲರೂ ಸುಮ್ಮನೆ ಕಾಯುತ್ತಿದ್ದಾರೆ, ಒಬ್ಬರೂ ಕೆಮ್ಮುತ್ತಿಲ್ಲ.

ಬರಲಿ. ನಾನಿದ್ದೇನಲ್ಲ. ಮತ್ತೆ ಮೊದಲಿನಿಂದ. ಒಂದು. ಎರಡು. ಮೂರು. ನಾಲ್ಕು. ಐ... ತಡಿ, ಏನೋ ಕೇಳಿಸ್ತು —