ಗೋಲ್‌ಕೀಪರ್ ಕರಬಸಪ್ಪ ಬದುಕಿದ್ದಾನೆ

ತಿಳವಳ್ಳಿ
೧೪-೯-೧೯೭೮

ನಮ್ಮೂರ ಫುಟ್‌ಬಾಲ್ ಅಭಿಮಾನಿಗಳ ಮಹಾನಾಯಕರಾದ ಅಜ್ಜಪ್ಪ ಕಾಕಾ ಅವರ ಸನ್ನಿಧಾನಕ್ಕೆ,

ನಮ್ಮ ಗೋಲ್‌ಕೀಪರ್ ಕರಬಸಪ್ಪ ಇನ್ನೂ ಬದುಕಿದ್ದಾನೆಂದು ತಿಳಿಸಲು ವಿಷಾದಿಸುತ್ತೇನೆ.

ಭಾನುವಾರ ರಟ್ಟೀಹಳ್ಳಿಯವರು ಮೂರನೇ ಗೋಲು ಹೊಡೆದಾಗ ತಾವು ಹಲಗೆ ಬಾರಿಸಿ, ಹೋಳಿಯಲ್ಲಿ ಸುಟ್ಟ ಕಾಮಣ್ಣನಿಗೆ ಅಳುವಂತೆ ಬಾಯಿ ಬಡಿದುಕೊಂಡು, "ನಮ್ಮ ಕರಬಸ್ಯಾ ಸತ್ತಾನ್ರೋ!" ಎಂದು ಊರವರಿಂದ ಬೊಬ್ಬೆ ಹಾಕಿಸಿದಿರಿ. ಇದು ಹೋಳಿಯ ತಿಂಗಳಲ್ಲ. ಪಕ್ಕದ ಹೊಲದಲ್ಲಿದ್ದ ಅವನವ್ವ ಫಕ್ಕೀರವ್ವ ನಿಜವೆಂದೇ ನಂಬಿ, ಕುಡುಗೋಲು ಬಿಸಾಕಿ ಓಡಿ ಬಂದು ಮೈದಾನದಲ್ಲಿ ಕುಸಿದಳು. ತಾವು ನಕ್ಕಿರಿ. "ಹೆಣ ಎದ್ದು ನಿಂತೈತಿ, ನೋಡಬೇ" ಎಂದಿರಿ. ಆಟ ನಿಲ್ಲಿಸಿ ಅವಳಿಗೆ ನೀರು ಕುಡಿಸಿದವರು ರಟ್ಟೀಹಳ್ಳಿಯವರು.

ಹಿಂದೊಮ್ಮೆ ತಾವು ಮಲಗಿದ್ದಾಗ ಇರುವೆ ಮುತ್ತಲೆಂದು ಮೀಸೆಗೆ ಬೆಲ್ಲ ಸವರಿದವನು ನಾನೇ. ಅಂಥ ನನಗೂ ನಗು ಬರಲಿಲ್ಲ, ಕಾಕಾ.

ಬರುವ ಭಾನುವಾರ ಹಾನಗಲ್ಲಿನಲ್ಲಿ ಪಂದ್ಯವಿದೆ. ಕರಬಸಪ್ಪ, "ನಮ್ಮವ್ವ ಆಣಿ ಹಾಕ್ಯಾಳ, ನಾ ಬರಂಗಿಲ್ಲ" ಎನ್ನುತ್ತಾನೆ. ಆದ್ದರಿಂದ ತಾವು ಅವಳ ಬಾಗಿಲಿಗೆ ಹೋಗಿ, ಅವಳು ಬೈದು ಮುಗಿಸುವ ತನಕ ತಲೆಯೆತ್ತದೆ ನಿಂತು, ಆಮೇಲೆ ಮಗನನ್ನು ಕಳಿಸೆಂದು ಕೇಳಬೇಕು. ಅವಳು ಒಪ್ಪದಿದ್ದರೆ ಹಾನಗಲ್ಲಿಗೆ ಹತ್ತೇ ಜನ ಹೋಗುತ್ತೇವೆ. ಗೋಲು ಖಾಲಿ ಇರುತ್ತದೆ. ಅವನ ಜಾಗದಲ್ಲಿ ನಮ್ಮಲ್ಲಿ ಯಾರೂ ನಿಲ್ಲುವುದಿಲ್ಲ.

ತಮ್ಮದೇ ಊರಿನ ತಂಡದವನು,
ವಾದಿರಾಜ